ಗಣಿಗೆ ಇಳಿಯದ ಮೇಡಂ

ನಾನು ಅವರನ್ನು ಮೊದಲ ಸಲ ನೋಡಿದಾಗ ಅವರು ಒಂದು ಕಂಬವನ್ನು ನೆಕ್ಕುತ್ತಿದ್ದರು.

ಚೆನ್ನೈನ ಹಳೆಯ ಕಾಲೇಜೊಂದರಲ್ಲಿ ದಕ್ಷಿಣ ರಾಜ್ಯಗಳ ಭೂವಿಜ್ಞಾನಿಗಳ ಸಮ್ಮೇಳನ. ನಾನಾಗ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ದಾವಣಗೆರೆಯ ಕಡೆಯಿಂದ ಪೋಸ್ಟರನ್ನು ಉದ್ದನೆಯ ಕೊಳವೆಯಲ್ಲಿ ಸುತ್ತಿಟ್ಟುಕೊಂಡು, ಅದು ರೈಲಿನಲ್ಲಿ ಯಾರದಾದರೂ ಕಾಲಡಿ ಸಿಕ್ಕಿ ನಜ್ಜುಗುಜ್ಜಾಗದಂತೆ ತಬ್ಬಿಕೊಂಡು ಬಂದಿದ್ದೆ. ಕಾಲೇಜಿನ ಮೆಟ್ಟಿಲು ಹತ್ತುವಾಗ, ಹತ್ತಿ ಸೀರೆಗೆ ಬಿಳಿ ಕ್ಯಾನ್ವಾಸ್ ಶೂ ತೊಟ್ಟ, ಎತ್ತರದ, ನರೆತ ಜಡೆಯ ಹೆಂಗಸೊಬ್ಬರು ವರಾಂಡದ ಒರಟು ಕಲ್ಲುಕಂಬಕ್ಕೆ ನಾಲಿಗೆ ತಾಗಿಸಿ, ಮಸೂರ ಹಿಡಿದು, ಒದ್ದೆಯಾದ ಜಾಗವನ್ನು ದಿಟ್ಟಿಸುತ್ತಿದ್ದರು. ಕಲ್ಲು ಒದ್ದೆಯಾದರೆ ಅದರೊಳಗಿನ ಖನಿಜಗಳ ಬಣ್ಣ ತೆರೆದುಕೊಳ್ಳುತ್ತದೆ. ಇದನ್ನು ನಾವೆಲ್ಲ ಮೊದಲ ವರ್ಷವೇ ಕಲಿತಿರುತ್ತೇವೆ. ಆದರೆ ಊರಿನ ಗುಡ್ಡದ ಮೇಲೆ ಯಾರೂ ಇಲ್ಲದಾಗ ನೆಕ್ಕುವುದು ಬೇರೆ. ಕೋಟು ತೊಟ್ಟ ಪ್ರೊಫೆಸರುಗಳು ಸಾಲಾಗಿ ಒಳಗೆ ಹೋಗುತ್ತಿರುವಾಗ ಬಾಗಿಲ ಪಕ್ಕದ ಕಂಬವನ್ನು ನೆಕ್ಕುವುದು ಬೇರೆ. ಯಾರೋ ಕಾಫಿ ಹಿಡಿದು ನಿಂತವರು, "ಗುಡ್ ಮಾರ್ನಿಂಗ್ ಮೇಡಂ" ಎಂದರು. ಅವರು ತಲೆ ತಿರುಗಿಸದೆ "ಮಾರ್ನಿಂಗ್" ಎಂದು ಇನ್ನೊಂದು ಜಾಗ ಒದ್ದೆ ಮಾಡಿದರು.

ನನ್ನ ಪೋಸ್ಟರಿಗೆ ಸಿಕ್ಕಿದ್ದು ಊಟದ ಮನೆಯ ಪಕ್ಕ, ಕೈತೊಳೆಯುವ ನಲ್ಲಿಯ ಎದುರಿನ ಗೋಡೆ. ಜನ ಬರುತ್ತಿದ್ದರು, ಕೈ ತೊಳೆಯುತ್ತಿದ್ದರು, ಒದ್ದೆ ಕೈ ಕೊಡವುತ್ತಾ ಪೋಸ್ಟರಿನ ಕಡೆ ಒಂದು ಕಣ್ಣು ಹಾಯಿಸಿ ಹೋಗುತ್ತಿದ್ದರು. ನಾನು ಪಾಠದಂತೆ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ವಾಕ್ಯಗಳನ್ನು ಕೇಳಲು ಯಾರೂ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಿ, "ಯಾರೂ ಬರವಲ್ರು. ಇವತ್ತೇ ಹೊರಟ್ ಬಂದ್ಬಿಡ್ಲಾ?" ಎನ್ನುತ್ತಿದ್ದೆ.

"ಅಡಡಾ! ಕನ್ನಡಾನಾ ನೀನು?" ಹಿಂದಿನಿಂದ ದನಿ ಬಂತು. ಕಂಬದ ಮೇಡಂ. "ಫೋನ್ ವೈ, ಕೆಳಗಿಡು. ಅಮ್ಮನ ಹತ್ರ ಆಮೇಲೆ ಅಳು. ಮೊದ್ಲು ಇದನ್ನ ಹೇಳು."

ನನ್ನ ಪೋಸ್ಟರ್ ಇದ್ದದ್ದು ದಿಂಬಿನಂತೆ ಉಬ್ಬಿರುವ ಹಳೆಯ ಲಾವಾ ಕಲ್ಲುಗಳ ಮೇಲೆ. ಒಂದಾನೊಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ಸೋಕಿ ದಿಂಬುಗಳ ಹಾಗೆ ಗಟ್ಟಿಯಾಗುತ್ತದೆ. ದಿಂಬಿನ ಉಬ್ಬು ಯಾವಾಗಲೂ ಮೇಲಕ್ಕೆ, ಚೂಪು ಬಾಲ ಕೆಳಕ್ಕೆ. ನನ್ನ ಮುಖ್ಯ ಫೋಟೋದಲ್ಲಿ ಅದು ತಿರುವುಮುರುವಾಗಿತ್ತು. ಬೆಳಗಿನಿಂದ ಕೈ ತೊಳೆದವರಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಅವರು ಮಾತ್ರ ಅದರ ಮೇಲೆ ಬೆರಳಿಟ್ಟು ಕೇಳಿದರು.

"ಇಲ್ಲಿ ತಲೆಕೆಳಗಾಗಿರೋದು ಬೆಟ್ಟವಾ, ಫೋಟೋವಾ?"

"ಬೆಟ್ಟಾನೇ ಮೇಡಂ. ಅಲ್ಲಿ ಪದರ ಪೂರ್ತಿ ಮಗುಚಿಕೊಂಡಿದೆ."

"ಇದು ನೋಡಿದ್ದೋ, ಓದಿದ್ದೋ?"

"ನೋಡಿದ್ದು. ಅಲ್ಲೇ ನಿಂತ್ಕೊಂಡಿದ್ದೆ. ಫೋಟೋದ ಮೂಲೇಲಿ ನನ್ನ ಗೆಳತಿ ಚಪ್ಪಲಿ ಕಾಣ್ತದೆ ನೋಡ್ರಿ, ನೆಟ್ಟಗೇ ಐತೆ."

ಅಷ್ಟರಲ್ಲಿ ಟೈ ಕಟ್ಟಿದ ಪ್ರೊಫೆಸರೊಬ್ಬರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು, ಪ್ರಿಂಟ್ ಮಾಡುವವರು ತಿರುಗಿಸಿಬಿಟ್ಟಿರಬೇಕು, ಹುಡುಗರು ಗಮನಿಸುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನಕ್ಕರು. ಮೇಡಂ ಅವರ ಕಡೆ ತಿರುಗಿದರು. "ಅವಳು ಅಲ್ಲಿ ನಿಂತಿದ್ದಳಂತೆ. ನೀವು ನಿಂತಿದ್ದಿರಾ?" ಎಂದು ಕೇಳಿದರು, ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಹಾಗೆ. ಪ್ರೊಫೆಸರು ಮತ್ತೆ ಪೋಸ್ಟರ್ ನೋಡಿದರು. ಚಪ್ಪಲಿಯನ್ನೂ ನೋಡಿದರು. ಆಮೇಲೆ ಹೋಗಿ ಇಬ್ಬರನ್ನು ಕರೆದುಕೊಂಡು ಬಂದರು. ಸಂಜೆಯ ಹೊತ್ತಿಗೆ ನಲ್ಲಿಯ ಮುಂದೆ ಕೈ ತೊಳೆಯಲು ಜಾಗವಿಲ್ಲದಷ್ಟು ಜನ ಇದ್ದರು.

ಮೇಡಂ ಹುಟ್ಟಿ ಬೆಳೆದದ್ದೆಲ್ಲ ಮದ್ರಾಸಿನಲ್ಲೇ. ಹಿರಿಯರು ಮೇಲುಕೋಟೆಯ ಕಡೆಯವರು, ತಂದೆ ರೈಲ್ವೆಯಲ್ಲಿದ್ದವರು. ಹೆಂಗಸರ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಸಮ್ಮೇಳನಗಳಿಗೆ ತಪ್ಪದೆ ಬರುತ್ತಿದ್ದರು, ಆದರೆ ಪ್ರಬಂಧ ಓದುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೆ ಯಾವಾಗಲೂ ಅದೊಂದೇ: ನೋಡಿದ್ದೋ, ಓದಿದ್ದೋ? ಮೈಕು ಹಿಡಿದವರಿಗೆ ಅವರು ಕೈ ಎತ್ತಿದರೆ ಸಾಕು, ಬೆವರು.

ಅವರನ್ನು ಏನೆಂದು ಕರೆಯಲಿ ಎಂದು ಒಮ್ಮೆ ಕೇಳಿದ್ದೆ; ಅಲ್ಲಿಯ ಹುಡುಗಿಯರು ಆ ವಯಸ್ಸಿನವರನ್ನು ಮಾಮಿ ಎನ್ನುವುದನ್ನು ಕೇಳಿಸಿಕೊಂಡಿದ್ದೆ. "ಮಾಮಿ ಅಂದ್ರೆ ಉಪ್ಪಿನಕಾಯಿ ಹಾಕ್ಕೊಡ್ತೀನಿ ಅನ್ಕೋತಾರೆ. ಮೇಡಂ ಅನ್ನು. ಆ ಪದಕ್ಕೋಸ್ಕರ ನಾನು ತುಂಬಾ ಓದಿದೀನಿ," ಎಂದರು. ಹಾಗಾಗಿ ಇಲ್ಲಿಯೂ ಮೇಡಂ ಎಂದೇ ಬರೆಯುತ್ತಿದ್ದೇನೆ.

ಸಮ್ಮೇಳನದ ಕೊನೆಯ ದಿನ ಪಲ್ಲಾವರಂ ಗುಡ್ಡಕ್ಕೆ ಪ್ರವಾಸವಿತ್ತು. ಚಾರ್ನಕೈಟ್ ಎಂಬ ಕಪ್ಪು ಕಲ್ಲನ್ನು ವಿಜ್ಞಾನ ಮೊದಲು ಗುರುತಿಸಿ ಹೆಸರಿಟ್ಟಿದ್ದು ಆ ಸುತ್ತಿನಲ್ಲೇ; ನಮ್ಮ ಓದಿನವರಿಗೆ ಅದು ಪುಣ್ಯಕ್ಷೇತ್ರವಿದ್ದ ಹಾಗೆ. ಬಸ್ಸು ತುಂಬಿದೆ, ವಿದ್ಯಾರ್ಥಿಗಳಿಗೆ ಜಾಗವಿಲ್ಲ ಎಂದರು. ನಾನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾಗ ಮೇಡಂ ಚೀಲ ಹೆಗಲಿಗೆ ಹಾಕಿಕೊಂಡರು. "ಚುಮ್ಮಾ ಯಾಕೆ ನಿಂತಿದೀಯಾ? ಕಲ್ಲು ಬಸ್ಸಲ್ಲಿ ಬರೋರಿಗೆ ಮಾತ್ರಾನಾ? ವಾ, ಟ್ರೈನಲ್ಲಿ ಹೋಗೋಣ."

ಲೋಕಲ್ ರೈಲಿನಲ್ಲಿ ಹೂ ಕಟ್ಟುತ್ತಾ ಕೂತಿದ್ದ ಹೆಂಗಸರ ನಡುವೆ ಜಾಗ ಮಾಡಿಕೊಂಡು ಹೋದೆವು. ಗುಡ್ಡದ ಹೆಚ್ಚುಭಾಗವನ್ನು ಮನೆಗಳು ತಿಂದಿದ್ದವು. ಉಳಿದದ್ದರಲ್ಲಿ ಹಳೆಯ ಕಲ್ಲುಗಣಿಯ ಹೊಂಡ, ಅದರ ತುಂಬ ಹಸಿರು ನೀರು, ಅಂಚಿನಲ್ಲಿ ಬಟ್ಟೆ ಒಣಹಾಕಿದ ಹಗ್ಗ. ಯಾರದೋ ಮನೆಯ ಹಿತ್ತಲ ಗೋಡೆಗೆ ಆತುಕೊಂಡಿದ್ದ ಬಂಡೆಯನ್ನು ತೋರಿಸಿ, "ಮುಟ್ಟು," ಎಂದರು. ನಾನು ಮುಟ್ಟಿದೆ.

"ಇದು ಹುಟ್ಟಿದ್ದು ಎಷ್ಟು ಆಳದಲ್ಲಿ ಗೊತ್ತಾ? ಯಾವ ಗಣಿಯೂ ಅಷ್ಟು ಆಳ ಹೋಗಿಲ್ಲ. ನನ್ನನ್ನ ಕೆಳಗಿಳಿಯಕ್ಕೆ ಬಿಡ್ಲಿಲ್ಲ ನೋಡು, ಪಾವಂ, ಅದೇ ಮೇಲೆ ಬಂತು," ಎಂದು ನಕ್ಕರು.

ಆಮೇಲೆ ಆ ಬಂಡೆಯ ನೆರಳಲ್ಲಿ ಕೂತು, ಡಬ್ಬಿಯಲ್ಲಿದ್ದ ಮೊಸರನ್ನದಲ್ಲಿ ಅರ್ಧ ನನಗೆ ಕೊಟ್ಟು, ಹೇಳಿದರು. ಅವರು ಓದುವಾಗ ಕೋಲಾರದ ಚಿನ್ನದ ಗಣಿಗೆ ತರಗತಿಯ ಪ್ರವಾಸ ಹೋಗಿತ್ತು. ಗಂಡುಹುಡುಗರು ಹೆಲ್ಮೆಟ್ಟು ಹಾಕಿಕೊಂಡು ತೊಟ್ಟಿಲಿನಂಥ ಲಿಫ್ಟಿನಲ್ಲಿ ಪಾತಾಳಕ್ಕೆ ಇಳಿದರು. ಹೆಂಗಸರು ನೆಲದಡಿಗೆ ಇಳಿಯಕೂಡದೆಂದು ಆಗ ಕಾನೂನೇ ಇತ್ತು. ಇವರನ್ನೂ ಇನ್ನಿಬ್ಬರು ಹುಡುಗಿಯರನ್ನೂ ಬಂಗಲೆಯೊಂದರ ಜಗಲಿಯಲ್ಲಿ ಕೂರಿಸಿ ನಿಂಬೆ ಶರಬತ್ತು ಕೊಟ್ಟರು.

"ತುಂಬಾ ಮರ್ಯಾದೆಯಾಗೇ ಕೊಟ್ರು. ಅದೇ ಕಷ್ಟ. ಬೈದಿದ್ರೆ ಜಗಳ ಆಡ್ಬಹುದಿತ್ತು."

ಹುಡುಗರು ಮೇಲೆ ಬಂದಾಗ ಬೆವರಿ ತೊಪ್ಪೆಯಾಗಿದ್ದರು. ಮಾತು ನಿಲ್ಲಿಸಲಾಗದಷ್ಟು ಉತ್ಸಾಹದಲ್ಲಿದ್ದರು. ಅವರಲ್ಲೊಬ್ಬ ಬಿಳಿ ಕ್ವಾರ್ಟ್ಜಿನ, ಅಂದರೆ ಬೆಣಚುಕಲ್ಲಿನ, ತುಂಡೊಂದನ್ನು ಇವರ ಕೈಗೆ ಹಾಕಿದ. ಅಷ್ಟು ಆಳದಲ್ಲಿ ಭೂಮಿ ಬಿಸಿ. ಕಲ್ಲು ಇನ್ನೂ ಬೆಚ್ಚಗಿತ್ತು.

"ಆರೋ ತನಕ ಹಿಡ್ಕೊಂಡೇ ಇದ್ದೆ ಮಾ. ಬಸ್ಸಲ್ಲಿ ಎಲ್ರೂ ಹಾಡು ಹೇಳ್ತಿದ್ರು. ನಂಗೆ ಒಂದೇ ಯೋಚ್ನೆ, ಅದು ಇದ್ದ ಜಾಗದಲ್ಲೇ ಅದನ್ನ ಮುಟ್ಬೇಕು."

ಗಣಿಯಲ್ಲಿ ಕೆಲಸ ಕೊಡಿ ಎಂದು ಅವರು ಕೇಳದ ಬಾಗಿಲಿರಲಿಲ್ಲವಂತೆ. ಎಲ್ಲ ಕಡೆಯೂ ಮರ್ಯಾದೆಯಾಗಿಯೇ ಇಲ್ಲವೆಂದರು. ಕೊನೆಗೆ ಪಾಠ ಹೇಳಲು ಹೋದರು. ಇತರರು ಕೆಳಗಿನಿಂದ ತಂದ ಕಲ್ಲುಗಳನ್ನು ಮೇಜಿನ ಮೇಲಿಟ್ಟು, ಇತರರು ಬರೆದ ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ವರ್ಷ ವರ್ಷವೂ ಹುಡುಗಿಯರಿಗೆ ಗಣಿಶಾಸ್ತ್ರ ಕಲಿಸಿದರು. ಕೋಲಾರದ ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. "ನೋಡಿದ್ದೋ ಓದಿದ್ದೋ" ಎಂದು ಇವರು ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ಅಲ್ಲಿಯವರೆಗೆ ನಾನು ಒಂದು ಬಗೆಯ ಜಂಬವೆಂದುಕೊಂಡಿದ್ದೆ.

ಆಮೇಲೆ ಚೆನ್ನೈಗೆ ಹೋದಾಗಲೆಲ್ಲ ವೇಲಚೇರಿಯ ಅವರ ಫ್ಲ್ಯಾಟಿನಲ್ಲೇ ಉಳಿಯುತ್ತಿದ್ದೆ. ಜೊತೆಗೆ ತಂಗಿ ಇದ್ದರು, ವಿಮಾ ಕಚೇರಿಯಿಂದ ನಿವೃತ್ತರಾದವರು, ತುಂಬಾ ದೈವಭಕ್ತೆ. ಮನೆಯ ಕಪಾಟು, ಕಿಟಕಿ, ಮಂಚದಡಿ, ಎಲ್ಲೆಲ್ಲೂ ಕಲ್ಲು. "ಇಷ್ಟು ಕಲ್ಲು ತಂದು ಹಾಕಿದಾಳಲ್ಲಾ, ಒಂದಾದ್ರೂ ಸಾಲಿಗ್ರಾಮ ಆಗಿದ್ರೆ ಪುಣ್ಯ ಬರ್ತಿತ್ತು," ಎಂದು ತಂಗಿ ಗೊಣಗಿದರೆ, "ಸಾಲಿಗ್ರಾಮಾನೂ ಫಾಸಿಲ್ಲೇ ಕಣೇ, ಪೂಜೆ ಮಾಡ್ತಾ ಮಾಡ್ತಾ ಪಾಠಾನೂ ಕಲಿ," ಎಂದು ಇವರು ರೇಗಿಸುತ್ತಿದ್ದರು. ತಂಗಿ ಕೋಪದಿಂದ ಒಳಗೆ ಹೋಗಿ, ಕೋಪದಿಂದಲೇ ನಮ್ಮಿಬ್ಬರಿಗೂ ಕಾಫಿ ತರುತ್ತಿದ್ದರು.

ಒಂದು ಮಳೆಗಾಲ ನೆಲಮಹಡಿಯ ಆ ಮನೆಗೆ ನೀರು ನುಗ್ಗಿತು. ಎಲ್ಲರೂ ಟೀವಿ, ಫ್ರಿಜ್ಜು ಹೊತ್ತು ಮೇಲಕ್ಕೆ ಓಡುತ್ತಿದ್ದರೆ ಮೇಡಂ ಸೂಕ್ಷ್ಮದರ್ಶಕವನ್ನು ಮಾತ್ರ ಮಗುವಿನ ಹಾಗೆ ಎತ್ತಿಕೊಂಡು ಹತ್ತಿದರಂತೆ. ಕಲ್ಲುಗಳನ್ನು ಏನು ಮಾಡಲಿ ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ, "ಇರ್ಲಿ ವಿಡುಂಗೊ, ಅವಕ್ಕೂ ಒಂದು ಸ್ನಾನ ಆಗ್ಲಿ," ಎಂದರಂತೆ. ನಾನು ಮುಂದಿನ ವಾರ ಹೋದಾಗ ಗೋಡೆಗಳಲ್ಲಿ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. "ಇದು ನೀರಿನ ಜಾಗ ಮಾ. ನಾವು ಬಂದು ಕೂತಿದೀವಿ. ಅದು ನೋಡ್ಕೊಂಡು ಹೋಗಕ್ಕೆ ಬಂದಿತ್ತು," ಎಂದು ಸಮಾಧಾನವಾಗಿಯೇ ಹೇಳಿದರು.

ಸಮಾಧಾನ ಹೋದದ್ದು ಆಮೇಲೆ. ಕಲ್ಲುಗಳಿಗೆ ಅಂಟಿಸಿದ್ದ ಚೀಟಿಗಳೆಲ್ಲ ಕರಗಿಹೋಗಿದ್ದವು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದನ್ನೇ ತೊಳೆದೆವು. ಹೆಚ್ಚಿನವನ್ನು ಅವರು ಕೈಗೆ ತೆಗೆದುಕೊಂಡ ಕೂಡಲೇ ಗುರುತಿಸಿದರು. ಸೇಲಂದು, ನೆಲ್ಲೂರಿನದು, ಇದು ನೀನು ತಂದುಕೊಟ್ಟ ದಿಂಬು. ಬಿಳಿ ಕ್ವಾರ್ಟ್ಜ್ ಬಂದಾಗ ಕೈ ನಿಂತಿತು. ಒಂದೇ ಅಳತೆಯ ಹಲವು ತುಂಡುಗಳಿದ್ದವು. ಮಸೂರ ಹಿಡಿದರು, ತಿರುಗಿಸಿದರು, ಕಿಟಕಿಯ ಬೆಳಕಿಗೆ ಒಯ್ದರು.

"ತೆರಿಯಲ್ಲ ಮಾ. ಕೋಲಾರದ್ದು ಯಾವುದೂಂತ ಗೊತ್ತಾಗ್ತಿಲ್ಲ." ಅವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಕೊನೆಗೆ ಎಲ್ಲ ತುಂಡುಗಳನ್ನೂ ಒಂದೇ ಬಟ್ಟಲಲ್ಲಿ ಹಾಕಿಟ್ಟರು.

ಕಾನೂನು ಬದಲಾಯಿತು. ಹೆಂಗಸರೂ ಗಣಿಗೆ ಇಳಿಯಬಹುದು ಎಂದಾದ ಮೇಲೆ ಉತ್ತರ ಕರ್ನಾಟಕದ ಚಿನ್ನದ ಗಣಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮನೆಗಿಂತ ಮೊದಲು ಮೇಡಂಗೆ ಫೋನ್ ಮಾಡಿದೆ.

"ಯಾವತ್ತು ಇಳೀತೀಯಾ?"

"ಸೋಮವಾರ ಮೇಡಂ."

"ಗ್ಲೌಸ್ ತೆಗ್ದು ಮುಟ್ಟು."

ಸೋಮವಾರ ಮೇಲೆ ಬಂದು, ಸ್ನಾನಕ್ಕೂ ಹೋಗದೆ ಫೋನ್ ಮಾಡಿದೆ. ಅವರು ಕೇಳುತ್ತಲೇ ಹೋದರು. ವಾಸನೆ ಹೇಗಿದೆ? ನೀರು ಎಲ್ಲಿಂದ ತೊಟ್ಟಿಕ್ಕುತ್ತೆ? ದೀಪ ಆರಿಸಿದರೆ ಏನು ಕೇಳಿಸುತ್ತೆ? ನಾನು ಉಷ್ಣಾಂಶ ಹೇಳಲು ಹೋದೆ. "ಅದು ಪುಸ್ತಕದಲ್ಲೂ ಇದೆ," ಎಂದು ತಡೆದರು. ಆಗ ಹೇಳಿದೆ, ಮೇಡಂ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿತ್ತು. "ಹ್ಞಾಂ," ಎಂದರು.

ಅವರನ್ನು ಒಮ್ಮೆ ಕೆಳಗೆ ಕರೆದುಕೊಂಡು ಹೋಗಬೇಕೆಂಬುದು ಅಂದಿನಿಂದ ನನ್ನ ಹಟವಾಯಿತು. ಮ್ಯಾನೇಜರ ಬೆನ್ನು ಬಿದ್ದೆ. ಅವರು ಸುರಕ್ಷತೆಯವರನ್ನು ಕೇಳಿದರು, ಡಾಕ್ಟರನ್ನು ಕೇಳಿದರು. ಕೊನೆಗೊಂದು ದಿನ, ಅತಿಥಿಯಾಗಿ ಮೇಲಿನ ಹಂತಕ್ಕೆ ಕರೆತರಬಹುದು ಎಂದರು. ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ರಜೆ ಹಾಕಿ ಚೆನ್ನೈಗೇ ಹೋದೆ. ಸುದ್ದಿ ಕೇಳಿ ತಂಗಿ ಕೈಮುಗಿದು ದೇವರ ಕೋಣೆಯ ಕಡೆ ನೋಡಿದರು. ಮೇಡಂ ಮಾತ್ರ ಕಾಫಿ ಲೋಟವನ್ನು ಕೆಳಗಿಟ್ಟು, "ಬೇಡ ಮಾ," ಎಂದರು.

"ಮಂಡಿ ನೋವಾ? ಕುರ್ಚಿ ವ್ಯವಸ್ಥೆ ಮಾಡಿಸ್ತೀನಿ ಮೇಡಂ."

"ಮಂಡಿ ಅಲ್ಲ. ಹೆಲ್ಮೆಟ್ ಹಾಕ್ಕೊಂಡು, ಫೋಟೋ ಹಿಡಿಸ್ಕೊಂಡು, ಎಲ್ರೂ ಚಪ್ಪಾಳೆ ತಟ್ಟಿ ಶರಬತ್ತು ಕೊಡೋದಕ್ಕಾ ಬರೋದು? ನಾನು ನೋಡಕ್ಕೆ ಆಸೆ ಪಟ್ಟಿರ್ಲಿಲ್ಲಮ್ಮಾ. ಕೆಲ್ಸ ಮಾಡಕ್ಕೆ ಆಸೆ ಪಟ್ಟಿದ್ದೆ."

ನನಗೆ ಸಿಟ್ಟು ಬಂತು. ಅಷ್ಟು ಓಡಾಡಿದ್ದೇನೆಂಬ ಸಿಟ್ಟು. ಹೋಗಿ ಬಾ ಎಂದು ತಂಗಿ ಅತ್ತರು. ಯಾರು ಏನು ಹೇಳಿದರೂ ಮೇಡಂ ಜಗ್ಗಲಿಲ್ಲ. ಮಾರನೆಯ ದಿನ ನಾನು ಹೊರಡುವಾಗ ಆಟೋದವರೆಗೆ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: "ಕೆಲ್ಸ ಏನಾದ್ರೂ ಇದ್ರೆ ಕೊಡ್ತೀಯಾ?"

ಕೆಲಸ ಕೊಟ್ಟೆ. ಗಣಿಯವರ ಒಪ್ಪಿಗೆ ಪಡೆದು, ಸುರಂಗದ ಗೋಡೆಗಳ ಚಿತ್ರಗಳನ್ನೂ ನಾನು ಬಿಡಿಸಿದ ನಕ್ಷೆಗಳನ್ನೂ ಅವರಿಗೆ ಕಳಿಸತೊಡಗಿದೆ. ಪ್ರತಿ ಭಾನುವಾರ ವೀಡಿಯೋದಲ್ಲಿ ಕೂರುತ್ತಿದ್ದೆವು. ಆಗ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. "ಇಲ್ಲಿ ನೀನು ಸುಸ್ತಾಗಿದ್ದೆ ಅಲ್ವಾ? ಗೆರೆ ಸೋಮಾರಿಯಾಗಿದೆ. ನಾಳೆ ಮತ್ತೆ ಹೋಗಿ ನೋಡು." ನಾನು ಮತ್ತೆ ಹೋಗಿ ನೋಡುತ್ತಿದ್ದೆ. ಹೀಗೆ ನಮ್ಮಿಬ್ಬರ ಹೆಸರಿನಲ್ಲಿ ಒಂದು ಪ್ರಬಂಧ ಬೆಳೆಯಿತು. ಅದನ್ನು ಚೆನ್ನೈನಲ್ಲೇ ಮತ್ತೆ ನಡೆಯಲಿದ್ದ ಸಮ್ಮೇಳನಕ್ಕೆ ಕಳಿಸಿದೆವು. ಅವರ ಹೆಸರು ಪ್ರಬಂಧವೊಂದರ ಮೇಲೆ ಬಂದದ್ದು ಅದೇ ಮೊದಲು.

ಜಗಳ ಒಂದೇ ವಿಷಯಕ್ಕೆ. ಒಂದು ಕಡೆ ಚಿನ್ನವಿರುವ ಬಿಳಿ ಕ್ವಾರ್ಟ್ಜಿನ ಪಟ್ಟಿ, ಭೂಮಿ ಬಿರುಕುಬಿಟ್ಟ ಜಾಗದಲ್ಲಿ ಥಟ್ಟನೆ ನಿಂತುಹೋಗುತ್ತದೆ. ಪಟ್ಟಿ ಅಲ್ಲಿಗೇ ಮುಗಿಯಿತು, ಆಚೆ ಏನೂ ಇಲ್ಲ ಎಂದು ನಾನು. ಮುಗಿದಿಲ್ಲ, ಬಿರುಕು ಅದನ್ನು ಪೂರ್ವಕ್ಕೆ ತಳ್ಳಿದೆ, ಆಚೆ ಎಲ್ಲೋ ಇದೆ ಎಂದು ಅವರು.

"ಮೇಡಂ, ಕಲ್ಲು ಹಾಗೆ ಹೇಳ್ತಾ ಇಲ್ಲ."

"ನೀನು ಕೇಳ್ತಾ ಇಲ್ಲ. ಅಷ್ಟು ಅಗಲ ಇರೋದು ಹಂಗೆ ಚುಮ್ಮಾ ನಿಲ್ಲತ್ತಾ?"

"ಇದು ನೋಡಿದ್ದೋ, ಓದಿದ್ದೋ?" ಎಂದೆ ಒಂದು ಭಾನುವಾರ. ಅವರು ಕನ್ನಡಕ ತೆಗೆದು ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. "ಕೊರೆಸಿ ನೋಡು. ಆಮೇಲೆ ಮಾತಾಡು," ಎಂದರು. ಅದೇ ಕೊನೆಯ ಮಾತುಕತೆ. ಎರಡು ದಿನ ಜ್ವರವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಫೋನ್ ಮಾಡಿದ್ದು ತಂಗಿ. "ಬರೋಕೆ ಅವಸರ ಪಡ್ಬೇಡಮ್ಮಾ, ಎಲ್ಲಾ ಮುಗೀತು," ಎಂದರು. ಆಮೇಲೆ, "ಈ ಕಲ್ಲುಗಳನ್ನ ಯಾರ ಹತ್ರ ಬೈಲಿ ಇನ್ನು?" ಎಂದು ಕೇಳಿದರು.

ಸಮ್ಮೇಳನದಲ್ಲಿ ನಾನೊಬ್ಬಳೇ ಪ್ರಬಂಧ ಮಂಡಿಸಿದೆ. ಪರದೆಯ ಮೇಲೆ ನಮ್ಮಿಬ್ಬರ ಹೆಸರೂ ಇತ್ತು. ಪಟ್ಟಿ ಮುಗಿಯಿತೆಂಬ ನನ್ನ ಅಭಿಪ್ರಾಯವನ್ನೂ, ಮುಗಿದಿಲ್ಲವೆಂಬ ಅವರದನ್ನೂ ಎರಡು ನಕ್ಷೆಗಳಲ್ಲಿ ಅಕ್ಕಪಕ್ಕ ತೋರಿಸಿದೆ. ಅವರ ನಕ್ಷೆಯನ್ನು ವಿವರಿಸುವಾಗ ನನಗೇ ತಿಳಿಯದಂತೆ ದನಿ ಏರಿತ್ತು, ಅವರ ಹಾಗೆ ಕೈ ಬೀಸುತ್ತಿದ್ದೆ. ಮುಗಿದ ಮೇಲೆ ಒಬ್ಬರು ಎದ್ದು, ಲೇಖಕರಿಬ್ಬರಿಗೇ ಒಮ್ಮತವಿಲ್ಲದ ಪ್ರಬಂಧವನ್ನು ನಾವು ಹೇಗೆ ತೆಗೆದುಕೊಳ್ಳಬೇಕು ಎಂದು ಕೇಳಿದರು. ಸಭೆ ನಕ್ಕಿತು. "ಅವರು ಒಪ್ಪುವ ತನಕ ಕಾದಿದ್ದರೆ ಪ್ರಬಂಧವೇ ಇರುತ್ತಿರಲಿಲ್ಲ ಸರ್," ಎಂದೆ. ಅವರನ್ನು ಬಲ್ಲ ಹಳಬರು ಇನ್ನೂ ಜೋರಾಗಿ ನಕ್ಕರು. ಒಂದಿಬ್ಬರು ನಗುತ್ತಲೇ ಕಣ್ಣೊರೆಸಿಕೊಂಡರು.

ಗಣಿಗೆ ಮರಳಿದ ಸ್ವಲ್ಪ ದಿನಕ್ಕೆ, ಮೇಡಂ ಮಾತಿನಂತೆ ಬಿರುಕಿನಾಚೆ ಪೂರ್ವಕ್ಕೆ ಕೊರೆಸಿದ್ದ ರಂಧ್ರದ ಫಲಿತಾಂಶ ಬಂತು. ಯಂತ್ರ ಹೊರತೆಗೆದ ಕಲ್ಲಿನ ಕೋಲುಗಳನ್ನು ಸಾಲಾಗಿ ಜೋಡಿಸಿದ್ದರು. ಉದ್ದಕ್ಕೂ ಕಪ್ಪು ಕಲ್ಲು. ಬಿಳಿಯದು ಒಂದು ಎಳೆಯೂ ಇಲ್ಲ. ಅವರು ಹೇಳಿದ ಜಾಗದಲ್ಲಿ ಪಟ್ಟಿ ಇರಲಿಲ್ಲ. ನಾನು ಹೇಳಿದ್ದೇ ಸರಿಯಾಗಿತ್ತು.

ಜೊತೆಯವರು ಬೆನ್ನು ತಟ್ಟಿದರು. ನಾನು ಸುಮ್ಮನೆ ಆ ಕಪ್ಪು ಕೋಲುಗಳ ಮುಂದೆ ಕೂತೆ. ಇಷ್ಟು ಚೆನ್ನಾಗಿ ಗೆದ್ದದ್ದನ್ನು ಹೇಳಿಕೊಳ್ಳಲು ಅವರೊಬ್ಬರೇ ಬೇಕಿತ್ತು. ಅವರಾದರೂ ಒಪ್ಪುತ್ತಿರಲಿಲ್ಲ. ಸಾಕಷ್ಟು ದೂರ ಕೊರೆದಿಲ್ಲ ಎನ್ನುತ್ತಿದ್ದರು, ನಾನು ರೇಗುತ್ತಿದ್ದೆ, ಭಾನುವಾರ ಕಳೆಯುತ್ತಿತ್ತು.

ಮಾರನೆಯ ದಿನ ಮ್ಯಾನೇಜರ ಕೋಣೆಗೆ ಹೋಗಿ, ಇನ್ನೂ ಪೂರ್ವಕ್ಕೆ ಮತ್ತೊಂದು ರಂಧ್ರ ಬೇಕು ಎಂದೆ. ಅವರು ವರದಿಯನ್ನು ನನ್ನ ಕಡೆ ತಿರುಗಿಸಿದರು. "ಆಚೆ ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ಅದೇ ಸಾಬೀತಾತು. ಮತ್ಯಾಕ?"

"ನಾನು ತಪ್ಪಿರಬಹುದು ಸರ್."

ಅವರು ನನ್ನ ಮುಖವನ್ನೇ ನೋಡಿದರು. ವರದಿಯನ್ನು ಬದಿಗಿಟ್ಟು ಹೂಂ ಎಂದರು.

ಈಗ ಕೊರೆತ ನಡೆದಿದೆ. ಪಾಳಿ ಮುಗಿದ ಮೇಲೆ ಎಲ್ಲರೂ ಮೇಲೆ ಹೋಗುತ್ತಾರೆ. ನಾನು ಅಲ್ಲೇ ನಿಂತು, ಹೊರಬಂದ ಒಂದೊಂದು ತುಂಡನ್ನೂ ದೀಪಕ್ಕೆ ಹಿಡಿದು ನೋಡುತ್ತೇನೆ. ಇದುವರೆಗೆ ಎಲ್ಲ ಕಪ್ಪೇ. ನನ್ನ ಲೆಕ್ಕದ ಪ್ರಕಾರ ಮುಂದೆಯೂ ಕಪ್ಪೇ ಬರಬೇಕು. ನನ್ನ ಲೆಕ್ಕ ಸುಳ್ಳಾಗಲಿ ಎಂದು ಕಾಯುತ್ತಿದ್ದೇನೆ.